ಬಾಯಿಬಿಟ್ಟು ಯೋಚಿಸುವ ಪರೀಕ್ಷೆ

ಮೈಸೂರು, ಮಂಡ್ಯದ ಕಡೆ ಮೆಡಿಕಲ್ ಸೀಟು ಅಂದರೆ ಎಲ್ಲರಿಗೂ ಗೊತ್ತಿರುವ ದಾರಿ ಒಂದೇ, ನೀಟ್ ಎಂಬ ಪ್ರವೇಶ ಪರೀಕ್ಷೆ. ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಮೂರು ಗಂಟೆ ಕಾಲ ಕೂತು, 180 ಪ್ರಶ್ನೆಗಳಿಗೆ ಓಎಂಆರ್ ಹಾಳೆಯ ಮೇಲೆ ಸೊನ್ನೆ ತುಂಬುವುದು. ಸರಿಯಾದರೆ 4 ಅಂಕ, ತಪ್ಪಾದರೆ 1 ಕಡಿತ, ಒಟ್ಟು 720. ಆಮೇಲೆ ಸೀಟು ಹಂಚುವ ರಾಜ್ಯದ ಕೆಇಎ, ಕೇಂದ್ರದ ಎಂಸಿಸಿ, ಕಾಲೇಜು ಆರಿಸುವ ಆಪ್ಷನ್ ಎಂಟ್ರಿ, ರೌಂಡಿನ ಮೇಲೆ ರೌಂಡು. ಇಷ್ಟರಲ್ಲಿ ಎಲ್ಲಿಯೂ ಒಬ್ಬರು ಎದುರು ಕೂತು "ಯಾಕಪ್ಪ ಡಾಕ್ಟ್ರಾಗ್ಬೇಕು ನೀನು?" ಅಂತ ಕೇಳುವುದಿಲ್ಲ. ಕೇಳುವವರು ಮದುವೆಮನೆಯ ನೆಂಟರು ಮಾತ್ರ. ಅವರಿಗೂ ಉತ್ತರ ಬೇಕಾಗಿರುವುದಿಲ್ಲ, ಅಷ್ಟರಲ್ಲಿ ಹೋಳಿಗೆ ಬಂದಿರುತ್ತದೆ.

ಹಾಗಾಗಿ ಸಂದರ್ಶನ ಎಂಬ ಮಾತು ಬಂದಾಗ ಮೊದಲು ಯಾವುದಕ್ಕೆ ಅದು ಇದೆ, ಯಾವುದಕ್ಕೆ ಇಲ್ಲ ಎಂದು ತಿಳಿದಿರಬೇಕು. ಮೈಸೂರು ಮೆಡಿಕಲ್ ಕಾಲೇಜು, ಮಂಡ್ಯದ ಮಿಮ್ಸ್ ಎರಡೂ ಸರ್ಕಾರಿ. ಅಲ್ಲಿ ನೂರಕ್ಕೆ 85 ಸೀಟು ಕೆಇಎ ಮೂಲಕ, 15 ಸೀಟು ಅಖಿಲ ಭಾರತ ಕೋಟಾದಲ್ಲಿ ಎಂಸಿಸಿ ಮೂಲಕ ಹೋಗುತ್ತದೆ. ಮೈಸೂರಿನ ಜೆಎಸ್‌ಎಸ್ ಡೀಮ್ಡ್ ವಿಶ್ವವಿದ್ಯಾಲಯ, ಅದರ ಹಂಚಿಕೆ ಎಂಸಿಸಿಯದು. ಖಾಸಗಿ ಕಾಲೇಜುಗಳ ಮ್ಯಾನೇಜ್‌ಮೆಂಟ್ ಸೀಟು, ಎನ್‌ಆರ್‌ಐ ಸೀಟು ಕೂಡ ನೀಟ್ ರ‍್ಯಾಂಕಿನ ಮೇಲೆ ಕೌನ್ಸೆಲಿಂಗ್‌ನಲ್ಲೇ ಸಿಗಬೇಕು. ಇವು ಯಾವುದಕ್ಕೂ ಸಂದರ್ಶನ ಇಲ್ಲ. "ಮ್ಯಾನೇಜ್‌ಮೆಂಟ್ ಸೀಟಿಗೆ ಬೆಂಗಳೂರಲ್ಲಿ ಇಂಟರ್‌ವ್ಯೂ ಫಿಕ್ಸ್ ಮಾಡಿದ್ದೀವಿ, ಅಡ್ವಾನ್ಸ್ ತಗೊಂಡು ಬನ್ನಿ ಸಾರ್" ಎಂದು ಫೋನ್ ಬಂದರೆ ಅದು ದುಡ್ಡು ಹೊಡೆಯುವ ದಂಧೆ. ಕಬ್ಬಿನ ಬಿಲ್ ಬಂದ ವಾರವೇ ಇಂಥ ಫೋನುಗಳು ಬಂದರೆ ಆಶ್ಚರ್ಯಪಡಬೇಡಿ.

ಹಿಂದೆ ಹೀಗಿರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) ಬರವಣಿಗೆಯ ಪರೀಕ್ಷೆ ಮುಗಿದ ಮೇಲೆ ಹುಡುಗರನ್ನು ಕರೆಸಿ, ದಿನಗಟ್ಟಲೆ ಇಟ್ಟುಕೊಂಡು, ಗುಂಪಿನಲ್ಲಿ ಕೆಲಸ ಕೊಟ್ಟು, ಮಾತಾಡಿಸಿ ಆರಿಸುತ್ತಿದ್ದರು. ನೀಟ್ ಬಂದಾಗ ಆ ಪದ್ಧತಿ ಬಿಡಲು ಅವರಿಗೆ ಮನಸ್ಸಿರಲಿಲ್ಲ. 2017ರಲ್ಲಿ ನೂರು ಎಂಬಿಬಿಎಸ್ ಸೀಟುಗಳಲ್ಲಿ ಒಂದನ್ನು ಮಾತ್ರ ತುಂಬಿ ಉಳಿದದ್ದನ್ನು ಖಾಲಿ ಬಿಟ್ಟರು. 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ನೀಟ್ ಎಲ್ಲರಿಗೂ ಅನ್ವಯ ಎಂದು ತೀರ್ಪು ಕೊಟ್ಟಿತು. ಅದೇ ವರ್ಷದಿಂದ ಕೇಂದ್ರದ ವೈದ್ಯಕೀಯ ಸಂಸ್ಥೆಗಳಾದ ಏಮ್ಸ್, ಜಿಪ್ಮರ್‌ಗಳ ಪ್ರತ್ಯೇಕ ಪರೀಕ್ಷೆಗಳೂ ನಿಂತವು. ನಾಲ್ಕು ಆಯ್ಕೆಗಳಲ್ಲಿ ಒಂದನ್ನು ಆರಿಸುವವರನ್ನು ಮಾತ್ರ ನಾವು ಆರಿಸುತ್ತಿದ್ದೇವೆ ಎಂಬ ಕೊರಗು ಹಿರಿಯ ವೈದ್ಯರಲ್ಲಿ ಇದೆ. ಆದರೆ ಸಂದರ್ಶನದ ಹೆಸರಿನಲ್ಲಿ ಜಾತಿ, ಶಿಫಾರಸು, ಥೈಲಿ ನುಗ್ಗುತ್ತಿದ್ದ ಕಾಲವನ್ನು ಕಂಡವರಿಗೆ ಈ ಕೊರಗು ಅಷ್ಟಾಗಿ ತಟ್ಟುವುದಿಲ್ಲ. ಎರಡೂ ಕಡೆ ನಿಜವಿದೆ.

ಈಗ ಎಂಬಿಬಿಎಸ್‌ಗೆ ಎದುರು ಕೂರಿಸಿ ಮಾತಾಡಿಸಿ ಅಂಕ ಕೊಡುವ ಮುಖ್ಯ ಜಾಗ ಎಂದರೆ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಎಎಫ್‌ಎಂಸಿ. 1948ರಲ್ಲಿ ಶುರುವಾದದ್ದು. ನಮ್ಮ ದೇಶದ ಮಕ್ಕಳಿಗೆ 145 ಸೀಟು, ಅದರಲ್ಲಿ ಹುಡುಗರಿಗೆ 115, ಹುಡುಗಿಯರಿಗೆ 30. ಸೇನೆಯ ಬಿಎಸ್ಸಿ ನರ್ಸಿಂಗ್‌ಗೂ ಹೀಗೇ ಸಂದರ್ಶನವಿದೆ: ಆರು ಕಾಲೇಜು ಸೇರಿ 220 ಸೀಟು, ಹುಡುಗಿಯರಿಗೆ ಮಾತ್ರ. ಆ ಆರರಲ್ಲಿ ಒಂದು ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲೇ ಇದೆ. ನೀಟ್‌ನಲ್ಲಿ ಎಂಬಿಬಿಎಸ್ ಸೀಟಿಗೆ ಸಾಲದ, ಆದರೆ ಒಳ್ಳೆಯ ಅಂಕ ಬಂದ ಮಂಡ್ಯದ ಹೆಣ್ಣುಮಕ್ಕಳಿಗೆ ಈ ದಾರಿಯನ್ನು ಯಾರೂ ಹೇಳುವುದೇ ಇಲ್ಲ. ಇವೆರಡು ಬಿಟ್ಟರೆ ಉಳಿಯುವುದು ಹೊರದೇಶದ ಕಾಲೇಜುಗಳು.

ಎಎಫ್‌ಎಂಸಿ ವಿಷಯದಲ್ಲಿ ಅತಿ ಹೆಚ್ಚು ಮಂದಿ ಎಡವುವುದು ಸಂದರ್ಶನದ ಕೋಣೆಯಲ್ಲಲ್ಲ, ಕಂಪ್ಯೂಟರ್ ಮುಂದೆ. ನಮ್ಮ ಕಡೆಯ ಮನೆಗಳಲ್ಲಿ ಕೆಇಎ ಅರ್ಜಿ ಹಾಕುವುದೇ ದೊಡ್ಡ ಕೆಲಸ. ಎಂಸಿಸಿ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಎಂಸಿಸಿಯ ವೆಬ್‌ಸೈಟಿನಲ್ಲಿ ನೋಂದಾಯಿಸಿ, ಅಲ್ಲಿ ಎಎಫ್‌ಎಂಸಿ ಬೇಕು ಎಂದು ಗುರುತಿಸಿದವರ ಪಟ್ಟಿ ಮಾತ್ರ ಪುಣೆಗೆ ಹೋಗುತ್ತದೆ. ಆ ಪಟ್ಟಿಯಿಂದ ನೀಟ್ ಅಂಕದ ಮೇಲೆ ಕರೆ ಬರುತ್ತದೆ. ಗಡುವು ದಾಟಿದರೆ 680 ಅಂಕ ಬಂದಿದ್ದರೂ ಕೇಳುವವರಿಲ್ಲ. ಕರೆ ಬಂದವರಿಗೆ ಮೊದಲು ಟೋಯೆಲ್ಆರ್ ಎಂಬ ಕಂಪ್ಯೂಟರ್ ಪರೀಕ್ಷೆ: ಇಂಗ್ಲಿಷ್, ಓದಿ ಅರ್ಥಮಾಡಿಕೊಳ್ಳುವುದು, ತರ್ಕ. 40 ಪ್ರಶ್ನೆ, 30 ನಿಮಿಷ, ಪ್ರಶ್ನೆಗೆ 2 ಅಂಕ, ತಪ್ಪಿದರೆ ಅರ್ಧ ಅಂಕ ಕಡಿತ. ಪ್ರಶ್ನೆಗೆ ಮುಕ್ಕಾಲು ನಿಮಿಷ ಸಿಗುತ್ತದೆ ಅಷ್ಟೇ. ಮೂರು ತಿಂಗಳು ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿದವರಿಗೆ ಅದು ಕಷ್ಟವಲ್ಲ. ಆಮೇಲೆ ಮನೋವೈಜ್ಞಾನಿಕ ಪರೀಕ್ಷೆ. ಅದರಲ್ಲಿ ಜಾಣತನ ತೋರಿಸಲು ಹೋಗಬೇಡಿ, ಒಂದೇ ವಿಷಯವನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿರುತ್ತಾರೆ, ಸುಳ್ಳು ತಾನೇ ಕಚ್ಚಾಡಿಕೊಳ್ಳುತ್ತದೆ. ಆಮೇಲೆ 50 ಅಂಕದ ಸಂದರ್ಶನ, ಕೊನೆಗೆ ವೈದ್ಯಕೀಯ ತಪಾಸಣೆ.

50 ಅಂಕ ಕಡಿಮೆ ಎನ್ನಿಸಬಹುದು. ಆದರೆ ಅಲ್ಲಿಗೆ ಬಂದವರೆಲ್ಲರ ನೀಟ್ ಅಂಕ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಹಾಗಿರುವಾಗ ಪಟ್ಟಿಯನ್ನು ಮೇಲೆ ಕೆಳಗೆ ಮಾಡುವುದು ಈ ಅಂಕಗಳೇ.

ನಮ್ಮ ಹುಡುಗರ ತೊಂದರೆ ಶುರುವಾಗುವುದು ಇಲ್ಲಿ. ಎರಡು ವರ್ಷ ಪಿಯು, ಬಹಳ ಜನಕ್ಕೆ ನೀಟ್ ಮತ್ತೆ ಬರೆಯಲು ಮೇಲೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್. ಇಷ್ಟು ಕಾಲ ಅವರ ತಲೆಯಲ್ಲಿ ಆಗುವ ಯೋಚನೆ ಯಾರಿಗೂ ಕೇಳಿಸಿಲ್ಲ. ಯೋಚನೆ ಒಳಗೇ ಆಗಿ, ಕೊನೆಯ ಉತ್ತರ ಮಾತ್ರ ಕಪ್ಪು ಚುಕ್ಕೆಯಾಗಿ ಹೊರಗೆ ಬಂದಿದೆ. ಸಂದರ್ಶನದಲ್ಲಿ ಅಂಕ ಇರುವುದು ಆ ಒಳಗಿನ ಭಾಗಕ್ಕೆ. "ಮೊದಲು ನನಗೆ ಹೀಗನ್ನಿಸುತ್ತದೆ, ಆದರೆ ಇದೊಂದು ಗೊತ್ತಾದರೆ ಬೇರೆ ಹೇಳಬೇಕಾಗಬಹುದು, ಆದ್ದರಿಂದ ಮೊದಲು ಇದನ್ನು ಕೇಳುತ್ತೇನೆ" ಎಂದು ಬಾಯಿಬಿಟ್ಟು ಯೋಚಿಸುವುದು ರೂಢಿಯಿಲ್ಲದವರಿಗೆ ಈಜು ಬರದವರನ್ನು ವಿಶ್ವೇಶ್ವರಯ್ಯ ನಾಲೆಗೆ ಇಳಿಸಿದ ಹಾಗಾಗುತ್ತದೆ. ಪ್ರಶ್ನೆ ಬಿದ್ದ ತಕ್ಷಣ ಉತ್ತರ ಹುಡುಕುತ್ತಾರೆ, ಸಿಗದಿದ್ದರೆ ಕಲ್ಲಾಗುತ್ತಾರೆ. ಕೋಚಿಂಗಿನವರು ಅಚ್ಚುಹಾಕಿಸಿಕೊಟ್ಟ ಉತ್ತರ ಸಿಕ್ಕಿದರಂತೂ ಇನ್ನೂ ಕಷ್ಟ, ಗಿಣಿಪಾಠ ಒಪ್ಪಿಸುತ್ತಾರೆ. ಎದುರು ಕೂತ ಹಿರಿಯ ಅಧಿಕಾರಿಗಳು ಆ ಪಾಠವನ್ನು ಬೆಳಿಗ್ಗೆಯಿಂದ ಇಪ್ಪತ್ತು ಸಲ ಕೇಳಿರುತ್ತಾರೆ.

"ಬಡವರ ಸೇವೆ ಮಾಡಬೇಕು" ಎಂಬುದು ಆ ಪಾಠಗಳ ರಾಜ. ಹೇಳುವ ಮಗುವಿನ ಮನಸ್ಸಿನಲ್ಲಿ ಅದು ನಿಜವೇ ಇರಬಹುದು. ಆದರೆ ಮರುಪ್ರಶ್ನೆ ಸಿದ್ಧವಾಗಿರುತ್ತದೆ: ನರ್ಸ್ ಆದರೆ ಸೇವೆಯಲ್ಲವೇ? ಮೇಷ್ಟ್ರಾದರೆ? ಇಲ್ಲಿ ಬೇಕಾಗಿರುವುದು ವೈದ್ಯನ ಕೆಲಸದಲ್ಲಿ ಮಾತ್ರ ಇರುವ ಯಾವುದೋ ಒಂದನ್ನು ತೋರಿಸುವುದು. ಅರ್ಧ ಮಾಹಿತಿ ಇಟ್ಟುಕೊಂಡು ಹತ್ತು ನಿಮಿಷದಲ್ಲಿ ತೀರ್ಮಾನ ತೆಗೆದುಕೊಳ್ಳಬೇಕಾದ ಹೊಣೆ, ತಪ್ಪಾದರೆ ಅದನ್ನು ಹೊರುವುದು, ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ಕುತೂಹಲವನ್ನು ಒಬ್ಬ ಮನುಷ್ಯನ ಮುಂದೆ ಕೂತು ಬಳಸುವುದು. ಇದನ್ನು ಪುಸ್ತಕದಿಂದ ಹೇಳಿದರೆ ಪೊಳ್ಳಾಗಿ ಕೇಳಿಸುತ್ತದೆ. ಕಣ್ಣಾರೆ ನೋಡಿರಬೇಕು.

ನೋಡುವುದು ಎಲ್ಲಿ? ಪರದೇಶಗಳಲ್ಲಿ ಹೈಸ್ಕೂಲು ಮಕ್ಕಳು ವೈದ್ಯರ ಹಿಂದೆ ಓಡಾಡಿ ಕೆಲಸ ನೋಡುವ ವ್ಯವಸ್ಥೆ ಇದೆ. ನಮ್ಮಲ್ಲಿ ಅಂಥದ್ದಿಲ್ಲ. ಆದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಒಪಿಡಿಗೆ ಅಜ್ಜಿಯನ್ನು ಕರೆದುಕೊಂಡು ಹೋಗುವ ಕೆಲಸ ಯಾವ ಮನೆಯಲ್ಲಿಲ್ಲ? ಚೆಲುವಾಂಬ ಆಸ್ಪತ್ರೆಯಲ್ಲಿ ಅತ್ತಿಗೆಯ ಹೆರಿಗೆಗೆ ಕಾಯುವುದು, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಾತನ ಬಿಪಿ ಮಾತ್ರೆ ತರುವುದು ಎಲ್ಲರ ಪಾಲಿಗೂ ಬರುತ್ತದೆ. ಆ ಹೊತ್ತಿನಲ್ಲಿ ಮೊಬೈಲ್ ಜೇಬಿಗೆ ಹಾಕಿ ಸುಮ್ಮನೆ ನೋಡಬೇಕು. ಚೀಟಿ ಮಾಡಿಸಿದ ಮೇಲೆ ವೈದ್ಯರ ಮುಂದೆ ಕೂರುವುದಕ್ಕೆ ಎಷ್ಟು ಹೊತ್ತಾಯಿತು, ಅವರ ಮುಂದೆ ಎಷ್ಟು ನಿಮಿಷ ಸಿಕ್ಕಿತು. ವೈದ್ಯರು ಮೊದಲು ಏನು ಕೇಳಿದರು. ಅಜ್ಜಿ ಏನನ್ನು ಹೇಳಲಿಲ್ಲ, ಯಾಕೆ ಹೇಳಲಿಲ್ಲ. ಮಾತ್ರೆ ಹೇಗೆ ತಗೋಬೇಕು ಎಂದು ಕೊನೆಗೆ ಅವಳಿಗೆ ಅರ್ಥವಾಗುವ ಹಾಗೆ ಹೇಳಿದ್ದು ವೈದ್ಯರೋ, ನರ್ಸೋ, ಮೆಡಿಕಲ್ ಅಂಗಡಿಯ ಹುಡುಗನೋ. ಮನೆಗೆ ಬಂದು ನೋಟುಪುಸ್ತಕದಲ್ಲಿ ಹತ್ತು ಸಾಲು. ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಅರ್ಧ ದಿನ ಊರು ಸುತ್ತಿದರೆ ಇನ್ನೂ ಇಪ್ಪತ್ತು ಸಾಲು ಸಿಗುತ್ತದೆ. ಒಂದೇ ನಿಯಮ: ರೋಗಿಯ ಹೆಸರು ಬರೆಯಬಾರದು, ಫೋಟೋ ತೆಗೆಯಬಾರದು. "ಹೆಸರು ಬೇಡ ಅಂತ ಯಾಕೆ ಬಿಟ್ಟಿರಿ?" ಎಂದು ಸಂದರ್ಶನದಲ್ಲಿ ಯಾರಾದರೂ ಕೇಳಿದರೆ ಗೌಪ್ಯತೆಯ ಬಗ್ಗೆ ಆಡುವ ಮಾತು ತಾನಾಗೇ ಹೊರಡುತ್ತದೆ.

ಇನ್ನು ನೀತಿಯ ಪ್ರಶ್ನೆಗಳು. ಇವುಗಳಿಗೆಂದೇ ನಾಲ್ಕು ತತ್ವಗಳನ್ನು ಎಲ್ಲರೂ ಬಾಯಿಪಾಠ ಮಾಡಿಕೊಂಡು ಬರುತ್ತಾರೆ: ರೋಗಿಯ ಸ್ವಂತ ನಿರ್ಧಾರಕ್ಕೆ ಮರ್ಯಾದೆ, ಒಳಿತು ಮಾಡುವುದು, ಕೇಡು ಮಾಡದಿರುವುದು, ನ್ಯಾಯ. ತಿಳಿದಿರಬೇಕು, ಆದರೆ ಹೆಸರು ಹಿಡಿದು ಎಣಿಸಿದರೆ ಉತ್ತರ ಅಲ್ಲೇ ಸತ್ತಿತು. ಅದಕ್ಕಿಂತ ನಾಲ್ಕು ಪ್ರಶ್ನೆಗಳನ್ನು ಅಭ್ಯಾಸ ಮಾಡಿಕೊಳ್ಳುವುದು ಉಪಯೋಗ. ಈ ಸಂಗತಿಯಲ್ಲಿ ಯಾರಿಗೆ ಏನಾಗುತ್ತದೆ? ನನಗಿನ್ನೂ ಏನು ತಿಳಿಯಬೇಕು? ಕಾನೂನು ಏನನ್ನುತ್ತದೆ? ನಾನು ಈಗ, ಈ ಗಳಿಗೆಯಲ್ಲಿ ಮೊದಲು ಮಾಡುವುದೇನು? ಮೂರು ನಿಮಿಷ ಸಿಕ್ಕಿದರೆ ಮೊದಲ ಎರಡಕ್ಕೆ ಒಂದೂವರೆ ನಿಮಿಷ ಕೊಡಿ. ನಮ್ಮವರು ಕೊನೆಯದರಿಂದ ಶುರುಮಾಡುತ್ತಾರೆ.

ಒಂದು ಉದಾಹರಣೆ ಹಿಡಿಯೋಣ. ನೀನು ಮಂಡ್ಯ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಸ ವೈದ್ಯ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಪಂಪ್‌ಸೆಟ್ ಆನ್ ಮಾಡಲು ಗದ್ದೆಗೆ ಹೋದ ರೈತನಿಗೆ ಹಾವು ಕಚ್ಚಿದೆ. ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿ ಕರೆತಂದಿದ್ದಾರೆ. ಅವನ ಅಣ್ಣ, "ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಟ್ಬುಡಿ, ನಾಟಿ ವೈದ್ಯರತ್ರ ಕರ್ಕೊಂಡು ಹೋಗ್ತೀವಿ" ಅನ್ನುತ್ತಾನೆ. ಏನು ಮಾಡುತ್ತೀ?

ಸಾಧಾರಣ ಹುಡುಗ "ಮೂಢನಂಬಿಕೆ ಸರ್, ನಾನು ಬಿಡುವುದಿಲ್ಲ" ಎಂದು ಶುರುಮಾಡುತ್ತಾನೆ. ಅತಿಯಾಗಿ ಓದಿದವನು ವಿಷಪ್ರತ್ಯೌಷಧದ ಬಾಟಲಿಗಳ ಲೆಕ್ಕ ಹೇಳಲು ಹೊರಡುತ್ತಾನೆ. ಇಬ್ಬರೂ ಆ ಅಣ್ಣನನ್ನು ಮರೆತರು. ತಕ್ಕ ಉತ್ತರ ಹೀಗೆ ಸಾಗಬಹುದು: ರೋಗಿಗೆ ಉಸಿರಾಟ ಹೇಗಿದೆ, ಪ್ರಜ್ಞೆ ಇದೆಯೇ ಎಂದು ಮೊದಲು ನೋಡುತ್ತೇನೆ, ಏಕೆಂದರೆ ಮಾತಿಗೆ ಎಷ್ಟು ಸಮಯ ಇದೆ ಎಂಬುದು ಅದರ ಮೇಲಿದೆ. ಪ್ರಜ್ಞೆ ಇದ್ದರೆ ನಿರ್ಧಾರ ಅವನದು, ಅಣ್ಣನದಲ್ಲ, ಅವನನ್ನೇ ಕೇಳುತ್ತೇನೆ. ಅಣ್ಣನನ್ನು ಬೈದರೆ ಅವರು ಗಾಡಿ ಹತ್ತಿ ಹೊರಟುಬಿಡುತ್ತಾರೆ, ಆದ್ದರಿಂದ ಅವನನ್ನೇ ಪಕ್ಕದಲ್ಲಿ ನಿಲ್ಲಿಸಿಕೊಂಡು ಏನು ಮಾಡುತ್ತಿದ್ದೇನೆ ಎಂದು ಹೇಳುತ್ತಾ ಹೋಗುತ್ತೇನೆ. ವಿಷ ಇಳಿಸುವ ಔಷಧ ಆಸ್ಪತ್ರೆಯಲ್ಲಿ ಮಾತ್ರ ಇದೆ, ಅದಕ್ಕೆ ಮೈ ಒಗ್ಗದೆ ತೊಂದರೆಯೂ ಆಗಬಹುದು, ಅದಕ್ಕೇ ಇಲ್ಲೇ ಇಟ್ಟುಕೊಂಡು ನೋಡಬೇಕು ಎಂದು ಎರಡೂ ಹೇಳುತ್ತೇನೆ. ಕೈಮೀರುವ ಹಾಗಿದ್ದರೆ ಮಿಮ್ಸ್‌ಗೆ ಕಳಿಸಲು 108ಕ್ಕೆ ಈಗಲೇ ಫೋನ್ ಮಾಡಿಸುತ್ತೇನೆ.

ಪಿಯು ಮುಗಿಸಿದ ಮಗುವಿಗೆ ಔಷಧದ ಪ್ರಮಾಣ ಗೊತ್ತಿರಬೇಕಿಲ್ಲ. ಅದನ್ನು ಕೇಳಿದರೆ "ಅದು ನನಗೆ ತಿಳಿಯದು ಸರ್, ಹಿರಿಯರನ್ನು ಕೇಳುತ್ತೇನೆ" ಎನ್ನುವುದೇ ಪೂರ್ಣ ಉತ್ತರ. ಆದರೆ ತನ್ನ ಜಿಲ್ಲೆಯ ಗದ್ದೆಯಲ್ಲಿರುವ ಹಾವು ಗೊತ್ತಿರಬೇಕು. ಭಾರತದ ವಿಷಪ್ರತ್ಯೌಷಧ ತಯಾರಾಗುವುದು ನಾಲ್ಕು ಹಾವುಗಳ ವಿಷಕ್ಕೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಮೂರೂ ತಪ್ಪು. ಕಾಲನ್ನು ಅಲುಗಾಡಿಸದೆ ಸಾಗಿಸುವುದು ಸರಿ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಯಾಕೆ ಸೇರಿಸಿರಬಹುದು ಎಂದು ಯೋಚಿಸಿ ಹೇಳಬಲ್ಲ ಹುಡುಗ, ಅಂದರೆ ಲೆಕ್ಕ ಸಿಗದಿದ್ದರೆ ಔಷಧವನ್ನು ಯಾವ ತಾಲ್ಲೂಕಿಗೆ ಎಷ್ಟು ಕಳಿಸಬೇಕೆಂದು ತಿಳಿಯುವುದಿಲ್ಲ ಎನ್ನುವವನು, ಎದುರಿನವರಿಗೆ ನೆನಪಿನಲ್ಲಿ ಉಳಿಯುತ್ತಾನೆ.

ಮಂಡ್ಯದ ಮಗುವಿಗೆ ಬಂದೇ ಬರಬಹುದಾದ ಇನ್ನೊಂದು ಪ್ರಶ್ನೆ ಇದೆ, ಅದಕ್ಕೆ ತಲೆತಗ್ಗಿಸಿ ಕೂರಬಾರದು. 2023ರ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಹಿಡಿದ ಭ್ರೂಣಲಿಂಗ ಪತ್ತೆ ಜಾಲದಲ್ಲಿ ಸ್ಕ್ಯಾನಿಂಗ್ ಯಂತ್ರ ಇದ್ದದ್ದು ಮಂಡ್ಯದ ಕಡೆಯ ಒಂದು ಆಲೆಮನೆಯಲ್ಲಿ. ಬೆಲ್ಲ ಕಾಯಿಸುವ ಜಾಗ. "ನಿಮ್ಮ ಸೋದರತ್ತೆ ಸೊಸೆಯನ್ನು ಕರೆತಂದು, ಗಂಡಾ ಹೆಣ್ಣಾ ಒಂದ್ಸಲ ನೋಡಿ ಹೇಳ್ಬುಡಪ್ಪ ಅಂದರೆ?" ಎಂದು ಕೇಳಿದರೆ ಕಾನೂನಿನ ಭಾಗ ಸುಲಭ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ. ಮೊದಲ ತಪ್ಪಿಗೇ ಮೂರು ವರ್ಷದವರೆಗೆ ಜೈಲು, ಹತ್ತು ಸಾವಿರದವರೆಗೆ ದಂಡ, ವೈದ್ಯಕೀಯ ನೋಂದಣಿಗೂ ಕುತ್ತು. ಅಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಉತ್ತರ. ಉಳಿದರ್ಧ ಕೇಳಿದವರ ಹಿಂದೆ ನಿಂತ ಗರ್ಭಿಣಿಯದು. ಅವಳಿಗೆ ಮನೆಯಲ್ಲಿ ಒತ್ತಡ ಇದೆಯೇ, ಅವಳನ್ನು ಒಂಟಿಯಾಗಿ ಮಾತಾಡಿಸಲು ಸಾಧ್ಯವೇ, ಇಲ್ಲಿ ಆಗಲ್ಲ ಅಂದರೆ ಇನ್ನೊಂದು ಆಲೆಮನೆಗೆ ಕರೆದೊಯ್ಯುತ್ತಾರೆಯೇ? ಅತ್ತೆಗೆ ಬೈಗುಳ ಬೇಡ, ಆದರೆ ಮಾತು ಗಟ್ಟಿ ಇರಲಿ.

ಗರ್ಭಪಾತದ ಪ್ರಶ್ನೆಗೆ ಗೊತ್ತಿರಬೇಕಾದದ್ದು ಸ್ವಲ್ಪವೇ, ಆದರೆ ತಪ್ಪಿಲ್ಲದೆ: 1971ರ ಎಂಟಿಪಿ ಕಾಯ್ದೆ, 2021ರ ತಿದ್ದುಪಡಿಯ ಮೇಲೆ ಕೆಲವು ವರ್ಗದ ಮಹಿಳೆಯರಿಗೆ ಮಿತಿ 24 ವಾರ, 18 ತುಂಬಿದ ಹೆಣ್ಣಿಗೆ ಅವಳದೊಂದೇ ಒಪ್ಪಿಗೆ ಸಾಕು. ಗಂಡನ ಸಹಿ ಬೇಕು ಎಂಬುದು ನಮ್ಮ ಕಡೆ ವಿದ್ಯಾವಂತರೂ ನಂಬಿರುವ ತಪ್ಪು. ಘನತೆಯಿಂದ ಸಾಯುವ ಹಕ್ಕಿನ ಪ್ರಶ್ನೆಯೂ ಹಾಗೇ. 2018ರ ಸುಪ್ರೀಂ ಕೋರ್ಟ್ ತೀರ್ಪು, 2023ರಲ್ಲಿ ಅದರ ಸರಳೀಕರಣ, 2025ರ ಜನವರಿ ಕೊನೆಯಲ್ಲಿ ಅದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆಯ ಆದೇಶ. ಚಿಕಿತ್ಸೆ ನಿಲ್ಲಿಸುವುದು ಬೇರೆ, ವಿಷ ಕೊಟ್ಟು ಸಾಯಿಸುವುದು ಬೇರೆ ಎಂಬ ಗೆರೆ ಸ್ಪಷ್ಟವಿದ್ದರೆ ಸಾಕು. ವರ್ಷಕ್ಕೊಂದು ಇಂಥ ಸುದ್ದಿ ಬರುತ್ತಲೇ ಇರುತ್ತದೆ, ಪತ್ರಿಕೆ ಕತ್ತರಿಸಿ ಇಟ್ಟುಕೊಳ್ಳಿ.

ಭಾಷೆಯ ಭಯದ ಬಗ್ಗೆ ಒಂದು ಮಾತು. ಮಳವಳ್ಳಿಯ, ಪಾಂಡವಪುರದ, ಹುಣಸೂರಿನ ಮಕ್ಕಳು ಇಂಗ್ಲಿಷಿಗೆ ಹೆದರುತ್ತಾರೆ, ಹೆದರಿ ಉದ್ದುದ್ದ ವಾಕ್ಯ ಕಟ್ಟುತ್ತಾರೆ, ನಡುವೆ ದಾರಿ ತಪ್ಪುತ್ತಾರೆ. ಯೋಚನೆ ಕನ್ನಡದಲ್ಲೇ ಆಗಲಿ, ತಡೆಯಬೇಡಿ. ಮೊದಲ ಎರಡು ವಾರ ಅಭ್ಯಾಸವನ್ನೂ ಕನ್ನಡದಲ್ಲೇ ಮಾಡಿ. ಕನ್ನಡದಲ್ಲಿ ಹೇಳಲಾಗದ್ದು ಇಂಗ್ಲಿಷಿನಲ್ಲಿ ಹುಟ್ಟುವುದಿಲ್ಲ. ಮೂರನೆಯ ವಾರದಿಂದ ಅದನ್ನೇ ಇಂಗ್ಲಿಷಿನಲ್ಲಿ, ಒಂದು ವಾಕ್ಯಕ್ಕೆ ಒಂದೇ ವಿಷಯ ಎಂಬ ಹಾಗೆ. "ಮೈಸೆಲ್ಫ್ ಸೋ ಅಂಡ್ ಸೋ" ಬಿಟ್ಟು "ಐ ಆಮ್" ಎನ್ನಿ, "ಐ ಆಮ್ ಹ್ಯಾವಿಂಗ್ ಟೂ ಸಿಸ್ಟರ್ಸ್" ಬಿಟ್ಟು "ಐ ಹ್ಯಾವ್". ಉಚ್ಚಾರಣೆ ಮಂಡ್ಯದ್ದೇ ಇರಲಿ, ಅದಕ್ಕೆ ಯಾರೂ ಅಂಕ ಕಳೆಯುವುದಿಲ್ಲ. ಟಿವಿಯವರ ಹಾಗೆ ನಾಲಿಗೆ ತಿರುಚಿದರೆ ಕಳೆದರೂ ಕಳೆಯಬಹುದು.

ಅಭ್ಯಾಸಕ್ಕೆ ಫೋನಿಗಿಂತ ಒಳ್ಳೆಯ ಮೇಷ್ಟ್ರಿಲ್ಲ. ಹನ್ನೆರಡು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ. ದಿನಕ್ಕೆ ಮೂರು ಎತ್ತಿ, ಪ್ರತಿಯೊಂದಕ್ಕೂ ಹದಿನೈದು ಸೆಕೆಂಡ್ ಸುಮ್ಮನಿದ್ದು, ತೊಂಬತ್ತು ಸೆಕೆಂಡ್ ಮಾತಾಡಿ ರೆಕಾರ್ಡ್ ಮಾಡಿ. ಅವತ್ತೇ ಕೇಳಬೇಡಿ, ನಾಚಿಕೆಯಾಗುತ್ತದೆ ಅಷ್ಟೇ. ಮಾರನೇ ದಿನ ಕೇಳಿದರೆ ಎಲ್ಲಿ ಸುತ್ತಿ ಬಳಸಿದ್ದೀರಿ, ಎಲ್ಲಿ ಮೊದಲ ವಾಕ್ಯದಲ್ಲೇ ಪ್ರಶ್ನೆ ತಪ್ಪಿದ್ದೀರಿ ಎಂದು ಬೇರೆಯವರ ಮಾತು ಕೇಳಿದಂತೆ ತಿಳಿಯುತ್ತದೆ. ಮೂರು ವಾರ ಕಳೆದ ಮೇಲೆ ಮನುಷ್ಯರು ಬೇಕು. ಅಪ್ಪ ಅಮ್ಮ ಬೇಡ. ನಿವೃತ್ತ ಮೇಷ್ಟ್ರೊಬ್ಬರು, ಬ್ಯಾಂಕಿನವರೊಬ್ಬರು, ಸೇನೆಯಿಂದ ಬಂದವರೊಬ್ಬರು ಸಿಕ್ಕಿದರೆ ಮೂವರನ್ನು ಸಾಲಾಗಿ ಕೂರಿಸಿ. ಉತ್ತರದ ನಡುವೆಯೇ ತಡೆದು "ಯಾಕೆ?" ಎಂದು ಕೇಳಿ ಎಂದು ಮೊದಲೇ ಹೇಳಿಡಿ. ತಡೆದಾಗ ಸಿಟ್ಟು, ಗಾಬರಿ ಮುಖದಲ್ಲಿ ಕಾಣುವುದೇ ಇಂಥ ಅಭ್ಯಾಸದಲ್ಲಿ ಮೊದಲು ಸಿಗುವ ಪಾಠ.

ಸೇನೆಯ ಬಗ್ಗೆ ಕೇಳಿದರೆ "ದೇಶಸೇವೆ" ಎಂಬ ಒಂದು ಪದದ ಹಿಂದೆ ಅಡಗಬಾರದು. ಎಎಫ್‌ಎಂಸಿಯಲ್ಲಿ ಓದಿದವರು ಅಧಿಕಾರಿಗಳಾಗಿ, ಪರ್ಮನೆಂಟ್ (ಕಾಯಂ) ಅಥವಾ ಶಾರ್ಟ್ ಸರ್ವಿಸ್ (ಕೆಲವು ವರ್ಷದ) ಕಮಿಷನ್ ಮೇಲೆ ಭೂಸೇನೆ, ನೌಕಾಪಡೆ, ವಾಯುಪಡೆಗಳಲ್ಲಿ ಕೆಲಸ ಮಾಡಲೇಬೇಕು, ಬಿಟ್ಟು ಬಂದರೆ ಭಾರೀ ಮೊತ್ತದ ಬಾಂಡ್ ಕಟ್ಟಬೇಕು. ಇದು ಅಪ್ಪ ಅಮ್ಮನಿಗೂ ತಿಳಿದಿರಬೇಕು. 2024ರ ಅಕ್ಟೋಬರ್‌ನಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಯ ಮುಖ್ಯಸ್ಥೆಯಾದ ಆರತಿ ಸರಿನ್ ಆ ಹುದ್ದೆಗೆ ಬಂದ ಮೊದಲ ಮಹಿಳೆ, ಎಎಫ್‌ಎಂಸಿಯಲ್ಲೇ ಓದಿದವರು. ಸ್ವಂತ ಊರಿನ ನಂಟೂ ಗೊತ್ತಿರಲಿ. ಮೈಸೂರಿನ ಹುಡುಗನಿಗೆ ಮೈಸೂರು ಲ್ಯಾನ್ಸರ್ಸ್ ಗೊತ್ತಿಲ್ಲದಿದ್ದರೆ ಚೆನ್ನಾಗಿರುವುದಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಗೆದ್ದ ಕುದುರೆ ದಳಗಳಲ್ಲಿ ಅದೂ ಒಂದು. ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂತು ಎಂಬುದನ್ನು ಮೈಸೂರಿನವರೇ ಎಷ್ಟೋ ಜನ ತಿಳಿದಿರುವುದಿಲ್ಲ. "ನಿಮ್ಮೂರಿನ ಬಗ್ಗೆ ಹೇಳಿ" ಎಂದಾಗ ಅರಮನೆ, ಮೈಸೂರು ಪಾಕ್, ದಸರಾ ಹೇಳುವುದು ಟೂರಿಸ್ಟ್ ಗೈಡಿನ ಕೆಲಸ.

ತಪಾಸಣೆಯಲ್ಲಿ ಬೀಳುವವರು ಬಹುಮಟ್ಟಿಗೆ ಸಣ್ಣ ಕಾರಣಕ್ಕೆ ಬೀಳುತ್ತಾರೆ. ಕಿವಿಯಲ್ಲಿ ಗುಗ್ಗೆ, ಹುಳುಕು ಹಲ್ಲು, ಮೂರು ವರ್ಷ ಕೂತು ಓದಿ ಏರಿಸಿಕೊಂಡ ತೂಕ, ಗಾಬರಿಗೆ ಏರಿದ ನಾಡಿ, ಬಿಪಿ. ಬಣ್ಣ ಗುರುತಿಸುವ ಕಣ್ಣು, ಚಪ್ಪಟೆ ಪಾದ, ಒಳಬಾಗಿದ ಮಂಡಿ, ಹುಡುಗರಲ್ಲಿ ಹೈಡ್ರೋಸೀಲ್, ವೆರಿಕೋಸೀಲ್ ಎಂಬ ವೃಷಣದ ಊತ ಇವನ್ನೂ ನೋಡುತ್ತಾರೆ. ನೀಟ್ ಮುಗಿದ ವಾರವೇ ಇಎನ್‌ಟಿ, ಹಲ್ಲು, ಕಣ್ಣು ಮೂರೂ ಕಡೆ ತೋರಿಸಿ. ಹಲ್ಲಿಗೆ ಸಿಮೆಂಟ್ ತುಂಬಿಸಲು, ಎಂಟು ಕೆಜಿ ಇಳಿಸಲು ಸಮಯ ಬೇಕು. ಸಂದರ್ಶನದ ಹಿಂದಿನ ವಾರ ಉಪವಾಸ ಬಿದ್ದರೆ ತೂಕದ ಜೊತೆ ಮಾತೂ ಇಳಿಯುತ್ತದೆ. ಮೈಸೂರಿನಿಂದ ಪುಣೆಗೆ ಒಂದು ರಾತ್ರಿ ಪೂರ್ತಿ ದಾರಿ, ಎರಡು ದಿನ ಮುಂಚೆ ಮುಟ್ಟಿ ನಿದ್ದೆ ಮಾಡಿ.

ಹೊರದೇಶಕ್ಕೆ ಹೊರಟವರು ನಮ್ಮಲ್ಲಿ ಕಡಿಮೆ, ಆದರೆ ಇದ್ದಾರೆ. ಬ್ರಿಟನ್ನಿನ ವೈದ್ಯಕೀಯ ಕೋರ್ಸಿಗೆ ಅರ್ಜಿಯ ಗಡುವು ಅಕ್ಟೋಬರ್ 15, ಹಾಕಬಹುದಾದದ್ದು ನಾಲ್ಕೇ ಕಾಲೇಜಿಗೆ, ಯುಕ್ಯಾಟ್ ಎಂಬ ಅಲ್ಲಿನ ಪ್ರವೇಶ ಪರೀಕ್ಷೆ ಅದಕ್ಕೂ ಮುಂಚೆ. ಸಂದರ್ಶನ ಬಹುತೇಕ ಎಂಎಂಐ ಎಂಬ ಪದ್ಧತಿಯದು, ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಒಂದೇ ಮಂಡಳಿಯ ಮುಂದೆ ಕೂರುವ ಬದಲು ಆರರಿಂದ ಹತ್ತು ಮೇಜುಗಳು. ಪ್ರತಿ ಮೇಜಿನಲ್ಲಿ ಒಂದೆರಡು ನಿಮಿಷ ಓದಲು, ಐದರಿಂದ ಎಂಟು ನಿಮಿಷ ಮಾತಿಗೆ. ಗಂಟೆ ಹೊಡೆದರೆ ವಾಕ್ಯದ ನಡುವೆಯೇ ಎದ್ದು ಮುಂದಿನ ಮೇಜಿಗೆ. ಒಂದು ಮೇಜಿನಲ್ಲಿ ಕೆಟ್ಟುಹೋದರೂ ಮುಂದಿನವರಿಗೆ ಅದು ಗೊತ್ತಿಲ್ಲ. ಆ ಪದ್ಧತಿಯ ಗುಟ್ಟೇ ಅದು, ಆದರೆ ಹಿಂದಿನ ಮೇಜಿನ ಮುಖ ಹೊತ್ತುಕೊಂಡು ಹೋದರೆ ಗೊತ್ತಾಗುತ್ತದೆ. ಒಂದೆರಡು ಮೇಜಿನಲ್ಲಿ ನಟರು ಕೂತಿರುತ್ತಾರೆ. ಪಕ್ಕದ ಮನೆಯವರ ಸಾಕುಪ್ರಾಣಿ ನಿಮ್ಮ ತಪ್ಪಿನಿಂದ ಸತ್ತಿದೆ, ಅವರಿಗೆ ತಿಳಿಸಿ ಎಂಬಂಥದ್ದು. ಮನೆ ಹಸುವನ್ನು ಕಳೆದುಕೊಂಡವರ ಎದುರು ಏನು ಆಡುತ್ತೀರಿ ಎಂದು ಯೋಚಿಸಿ: ಸುತ್ತಿ ಬಳಸದೆ ಸುದ್ದಿ ಹೇಳಿ, ಸುಮ್ಮನಿರಿ, ಅವರು ಅತ್ತರೆ ಅಳಲು ಬಿಡಿ, "ಬೇರೆ ತಂದುಕೊಡ್ತೀನಿ" ಎಂದು ಮಾತ್ರ ಹೇಳಬೇಡಿ.

ಆನ್‌ಲೈನಿನಲ್ಲಿ ನಡೆದರೆ ಚಳಿಗಾಲದಲ್ಲಿ ಅವರ ಬೆಳಗಿನ ಹತ್ತು ಗಂಟೆ ನಮಗೆ ಮಧ್ಯಾಹ್ನ ಮೂರೂವರೆ. ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್, ರೌಟರ್‌ಗೆ ಯುಪಿಎಸ್, ಪಕ್ಕದಲ್ಲಿ ಇನ್ನೊಂದು ಕಂಪನಿಯ ಸಿಮ್‌ನ ಹಾಟ್‌ಸ್ಪಾಟ್. ಬೆಳಕು ಮುಖದ ಎದುರಿನಿಂದ ಬೀಳಲಿ, ಬೆನ್ನ ಹಿಂದೆ ಕಿಟಕಿ ಬೇಡ. ಇನ್ನು ಹೊರಗೆ ಓದಿ ವಾಪಸ್ ಬಂದು ಇಲ್ಲಿ ವೃತ್ತಿ ಮಾಡುವ ಮನಸ್ಸಿದ್ದರೆ ಅರ್ಜಿಗೆ ಮುಂಚೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮ ಓದಿ: ನೀಟ್ ಅರ್ಹತೆ, ಕನಿಷ್ಠ 54 ತಿಂಗಳ ಕೋರ್ಸು, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್. ಇದರಲ್ಲಿ ಒಂದು ತಪ್ಪಿದರೂ ಸಂದರ್ಶನದಲ್ಲಿ ಗೆದ್ದದ್ದು ವ್ಯರ್ಥ.

ಕೊನೆಗೆ ಕಾಗದದ ಮಾತು. ಪುಣೆಯ ಸಂದರ್ಶನ ಬರುವ ಹೊತ್ತಿಗೆ ಕೆಇಎ, ಎಂಸಿಸಿ ರೌಂಡುಗಳೂ ನಡೆಯುತ್ತಿರುತ್ತವೆ. ಸೀಟು ಒಪ್ಪಿಕೊಂಡು ಕಾಲೇಜಿಗೆ ಸೇರಿದರೆ ಅಸಲು ಅಂಕಪಟ್ಟಿ, ಟಿಸಿ ಅಲ್ಲೇ ಉಳಿಯುತ್ತದೆ, ಇನ್ನೊಂದು ಕಡೆ ತೋರಿಸಲು ಕೈಯಲ್ಲಿ ಇರುವುದಿಲ್ಲ. ಎಲ್ಲ ದಿನಾಂಕಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಹೊರಡುವ ಹಿಂದಿನ ದಿನ ಹತ್ತನೇ ತರಗತಿ, ಪಿಯುಸಿ ಅಂಕಪಟ್ಟಿ, ನೀಟ್ ಸ್ಕೋರ್‌ಕಾರ್ಡ್, ಗುರುತಿನ ಚೀಟಿ, ಕರೆಪತ್ರದಲ್ಲಿ ಕೇಳಿದ ಉಳಿದದ್ದನ್ನೆಲ್ಲ ಐದೈದು ಜೆರಾಕ್ಸ್ ಮಾಡಿಸಿ. ಹೆಸರಿನ ಇನಿಷಿಯಲ್ ಎಲ್ಲ ಕಾಗದದಲ್ಲೂ ಒಂದೇ ಥರ ಇದೆಯೇ ಎಂದು ಅಪ್ಪನೋ ಅಕ್ಕನೋ ಬೆರಳಿಟ್ಟು ಓದಲಿ. ಹತ್ತನೇ ತರಗತಿಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ ಇದ್ದರೆ ಅಫಿಡವಿಟ್ ಮಾಡಿಸಲು ಇನ್ನೂ ಒಂದು ದಿನ ಬೇಕು.